ಫರಸಿಯ ಮೇಜು, ಸುಣ್ಣದ ಗೋಡೆ

ಬಸವಕಲ್ಯಾಣದ ಹಳೆಯ ಓಣಿಗಳಲ್ಲಾಗಲಿ, ಹುಮನಾಬಾದಿನಲ್ಲಾಗಲಿ ಕಲ್ಲು-ಮಣ್ಣಿನ ದಪ್ಪ ಗೋಡೆಯ ಮನೆಗಳು ಇನ್ನೂ ಉಳಿದಿವೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ತಂಪು. ಆದರೆ ಹತ್ತನೆಯ ತರಗತಿಗೆ ಬಂದ ಮಗಳ ಕಣ್ಣಿಗೆ ಬೀಳುವುದು ಆ ತಂಪಲ್ಲ. ಹೊಗೆ ಹಿಡಿದ ಗೋಡೆ, ಹಗಲಲ್ಲೂ ಕತ್ತಲೆ. ‘ಗೆಳತಿಯರನ್ನು ಹೇಗೆ ಕರೆಯಲಿ ಅಪ್ಪಾ?’ ಎಂದಳೆಂದರೆ ಅಪ್ಪನ ಲೆಕ್ಕ ನೇರವಾಗಿ ಪಿಯುಸಿ ಫೀಸಿಗೆಂದು ಎತ್ತಿಟ್ಟ ಹಣದ ಹತ್ತಿರ ಹೋಗುತ್ತದೆ. ಆ ಹಣ ಮುಟ್ಟಬೇಡಿ. ಮನೆಯನ್ನೆಲ್ಲ ಬದಲಿಸುವ ಕಾಲ ಮುಂದೆ ಬಂದೀತು. ಈಗ ಬೇಕಾದದ್ದು ಪರೀಕ್ಷೆ ಮುಗಿಯುವವರೆಗೆ ಒಂದು ಬೆಳಕಿನ ಮೂಲೆ.

ಮೊದಲು ಗೋಡೆ. ಆಯಿಲ್ ಪೇಂಟಿನ ಹೊಳಪೇನೋ ಚೆಂದ. ಆದರೆ ಮಣ್ಣಿನ ಗೋಡೆಯ ತೇವ ಹೊರಬರಲು ದಾರಿಯಿಲ್ಲದೆ ಒಂದೆರಡು ಮಳೆಗಾಲದಲ್ಲಿ ಅದು ಹಪ್ಪಳದಂತೆ ಏಳುತ್ತದೆ. ಸುಣ್ಣವೇ ಸರಿ. ಸಡಿಲಾದ ಹಳೆಯ ಪದರು ಕೆರೆದು, ಗೋಡೆ ಒದ್ದೆ ಮಾಡಿ, ರಾತ್ರಿಯೆಲ್ಲ ನೆನೆದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳುವಾಗಿ ಬಳಿಯಿರಿ. ಬಳಿದಾಗ ಏನೂ ಕಾಣದು. ಗಾಬರಿಯಾಗಿ ದಪ್ಪ ಮಾಡಿದರೆ ಒರಗಿದವರ ಬೆನ್ನೆಲ್ಲ ಬಿಳಿ! ಒಣಗುತ್ತ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣ ಮತ್ತೆ ಕಲ್ಲಿನ ಗುಣಕ್ಕೆ ಬರುತ್ತದೆ, ಬಿಳುಪೇರುತ್ತದೆ. (ಹತ್ತನೆಯ ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲೇ ಈ ಸಮೀಕರಣವಿದೆ. ಮಗಳನ್ನೇ ಕೇಳಿ.) ದಿನಕ್ಕೊಂದರಂತೆ 3 ಸಲ ಬಳಿದರೆ ಸಾಕು, ಕೊನೆಯದಕ್ಕೆ ಚಿಟಿಕೆ ನೀಲಿ. ಕಲ್ಲುಸುಣ್ಣ ನೀರು ಸೋಕಿದರೆ ಕುದಿಯುತ್ತದೆ. ಸುಣ್ಣದ ಮೇಲೆ ನೀರು ಸುರಿಯದೆ, ನೀರಿಗೇ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಇದು ದೊಡ್ಡವರ ಕೆಲಸ, ಕಣ್ಣು ಜೋಪಾನ.

ಗೋಡೆಯ ಗೂಡುಗಳಿಗೆ ಸಿಮೆಂಟು ಮೆತ್ತಿ ಮುಚ್ಚಿ, ಆಮೇಲೆ ಪೇಟೆಯಿಂದ ಕಪಾಟು ತರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗೂಡಿಗೂ ಸುಣ್ಣ ಬಳಿದು ಹಳೆಯ ಕ್ಯಾಲೆಂಡರಿನ ಹಾಳೆ ಹಾಸಿದರೆ ಪುಸ್ತಕಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೆ?

ಮೇಜಿಗೆ ನಮ್ಮ ಕಡೆಯ ಶಹಾಬಾದ್ ಫರಸಿಯೇ ಇದೆ. 2 ಅಡಿ ಚೌಕದ ಒಂದು ಕಲ್ಲನ್ನು, ಸಿಮೆಂಟಿಲ್ಲದೆ ಸಮನಾಗಿ ಜೋಡಿಸಿದ ಇಟ್ಟಿಗೆಯ ಮೇಲೆ ಅಡಿಯಷ್ಟು ಎತ್ತರಕ್ಕೆ ಕೂಡಿಸಿ, ಕೆಳಗೆ ಜಮಖಾನ ಹಾಸಿ. ಅಲುಗದಂತೆ ನೋಡಿಕೊಳ್ಳಿ, ಎತ್ತಲು ಇಬ್ಬರು ಬೇಕು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಲಿ. ಗವಾಕ್ಷಿಯ ಗಾಜು ಒರೆಸಿ ಎಷ್ಟು ವರ್ಷವಾಯಿತು? ರಾತ್ರಿಗೆ 9 ವ್ಯಾಟಿನ ಎಲ್‌ಇಡಿ ಬಲ್ಬು ಹಳೆಯ 60 ವ್ಯಾಟಿನದಷ್ಟು ಬೆಳಗುತ್ತದೆ. ಬಿಳಿ ಗೋಡೆ ಆ ಬೆಳಕನ್ನು ಕೋಣೆಗೆಲ್ಲ ಹಂಚುತ್ತದೆ.

ಪರೀಕ್ಷೆ ಮುಗಿದ ಮೇಲೆ ಇಟ್ಟಿಗೆ ಹಿತ್ತಲಿಗೆ ಹೋಗಲಿ. ಫರಸಿಯನ್ನು ಬಚ್ಚಲಲ್ಲಿ ಕೊಡ ಇಡಲು ಹಾಕಿಕೊಳ್ಳಬಹುದು.