ಬ್ಲಾಗ್ ಬರಹಗಾರರ ಪ್ರಾಯೋಜಕತ್ವ: ಸ್ನೇಹಕ್ಕೂ ಬೇಕು ಒಂದು ಪುಟದ ಕರಾರು

ಗೋಡೆಬರಹ, ಚಿತ್ರಮಂದಿರದ ಸ್ಲೈಡು, ಜಾತ್ರೆಯ ಬ್ಯಾನರು, ದಿನಪತ್ರಿಕೆಯ ಜಾಹೀರಾತು – ಸಣ್ಣ ಉದ್ಯಮಿಗೆ ಬಹುಕಾಲ ಪ್ರಚಾರದ ಮಾರ್ಗಗಳು ಇವಿಷ್ಟೇ ಆಗಿದ್ದವು. ಈ ಪಟ್ಟಿಗೆ ಬ್ಲಾಗ್ ಸೇರಿ ವರ್ಷಗಳೇ ಕಳೆದಿವೆ. ಅಡುಗೆ, ಪ್ರವಾಸ, ತೋಟಗಾರಿಕೆ ಮುಂತಾದ ವಿಷಯಗಳ ಬಗ್ಗೆ ನಿಯಮಿತವಾಗಿ ಬರೆಯುವವರಿಗೆ ತಮ್ಮದೇ ಆದ ಓದುಗ ಬಳಗವಿದೆ. ಆ ಬಳಗದ ವಿಶ್ವಾಸವೇ ಅವರ ಬಂಡವಾಳ. ಆ ವಿಶ್ವಾಸದ ನೆರಳಿನಲ್ಲಿ ತನ್ನ ಸರಕನ್ನು ಪರಿಚಯಿಸಲು ಉದ್ಯಮಿ ಬಯಸುವುದು ಸಹಜ. ಬರಹಗಾರರು ಅದಕ್ಕೆ ಪ್ರತಿಫಲ ನಿರೀಕ್ಷಿಸುವುದೂ ನ್ಯಾಯಸಮ್ಮತ.

ಇತ್ತೀಚೆಗೆ ಇಬ್ಬರು ಮೂವರು ಬರಹಗಾರರು ಒಟ್ಟುಗೂಡಿ ಒಬ್ಬ ಪ್ರಾಯೋಜಕರನ್ನು ಹಿಡಿಯುವುದು, ಕೆಲಸವನ್ನೂ ಹಣವನ್ನೂ ಹಂಚಿಕೊಳ್ಳುವುದು ಕಂಡುಬರುತ್ತಿದೆ. ಇದು ಸ್ವಾಗತಾರ್ಹ. ಆದರೆ ಇಂತಹ ಏರ್ಪಾಡುಗಳಲ್ಲಿ ಹಲವು ದೂರವಾಣಿಯ ಮಾತಿನಲ್ಲಿಯೇ ಆರಂಭವಾಗಿ ಮಾತಿನಲ್ಲಿಯೇ ಮುಗಿಯುತ್ತವೆ. ನಡುವೆ ಕಾಗದವಿಲ್ಲ. ಪ್ರಾಯೋಜಕತ್ವವು ದಾನವೂ ಅಲ್ಲ, ಉಡುಗೊರೆಯೂ ಅಲ್ಲ; ಅದೊಂದು ವ್ಯವಹಾರ. ವ್ಯವಹಾರವೆಂದ ಮೇಲೆ ಲಿಖಿತ ಕರಾರು ಇರಲೇಬೇಕು. ಅದಿಲ್ಲದಿದ್ದರೆ ಹಣಕ್ಕಿಂತ ಮೊದಲು ಸ್ನೇಹ ಹೋಗುತ್ತದೆ.

ಒಂದು ಉದಾಹರಣೆ

ಗೃಹಬಳಕೆಯ ಹಿಟ್ಟಿನ ಗಿರಣಿ ತಯಾರಿಸುವ ಒಂದು ಪಾಲುದಾರಿಕೆ ಸಂಸ್ಥೆಯಿದೆ ಎಂದು ಭಾವಿಸೋಣ. ಅಡುಗೆಯ ಬಗ್ಗೆ ಬರೆಯುವವರೊಬ್ಬರು, ಸಿರಿಧಾನ್ಯದ ಬಗ್ಗೆ ಬರೆಯುವವರೊಬ್ಬರು ಜೊತೆಗೂಡಿ ಆ ಗಿರಣಿಯ ಕುರಿತು 12 ಲೇಖನ ಬರೆಯಲು ಒಪ್ಪುತ್ತಾರೆ. ಪ್ರತಿಫಲವಾಗಿ ಇಬ್ಬರಿಗೂ ಸೇರಿ 60,000 ರೂಪಾಯಿ ನಗದು ಮತ್ತು ಪ್ರತಿಯೊಬ್ಬರಿಗೂ 24,000 ರೂಪಾಯಿ ಬೆಲೆಯ ಒಂದೊಂದು ಗಿರಣಿ. ಎಲ್ಲವೂ ಬಾಯಿಮಾತು. ಕೊನೆಗೆ ಒಬ್ಬರು 8 ಲೇಖನ ಬರೆದರು, ಇನ್ನೊಬ್ಬರು 4. ಹಣ ಬಂದಿತು, ಅದರ ಹಿಂದೆಯೇ ಪ್ರಶ್ನೆಗಳೂ ಬಂದವು.

ಉಚಿತವೆಂಬುದು ಉಚಿತವಲ್ಲ

ಮೊದಲನೆಯದು ಗಿರಣಿಯ ಪ್ರಶ್ನೆ. ವ್ಯವಹಾರ ಅಥವಾ ವೃತ್ತಿಯ ನಿಮಿತ್ತ ನೀಡುವ ಸೌಲಭ್ಯದ ಮೌಲ್ಯವು ಒಬ್ಬ ವ್ಯಕ್ತಿಗೆ ವರ್ಷಕ್ಕೆ 20,000 ರೂಪಾಯಿಯನ್ನು ಮೀರಿದರೆ ಶೇಕಡಾ 10ರಷ್ಟು ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕೆಂಬ ನಿಯಮವು 1961ರ ಆದಾಯ ತೆರಿಗೆ ಕಾಯ್ದೆಗೆ 194ಆರ್ ಕಲಮಾಗಿ ಸೇರಿ 2022ರ ಜುಲೈ 1ರಿಂದ ಜಾರಿಗೆ ಬಂದಿತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದ್ದರೂ ಈ ಹೊಣೆ ತಪ್ಪಿಲ್ಲ. ಸಣ್ಣ ವಹಿವಾಟಿನ ವೈಯಕ್ತಿಕ ವ್ಯಾಪಾರಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಕ್ಕೆ ಇದರಿಂದ ವಿನಾಯಿತಿ ಇದೆ. ಪಾಲುದಾರಿಕೆ ಸಂಸ್ಥೆಗೆ ಇಲ್ಲ.

ಹೀಗಾಗಿ ಪ್ರತಿ ಗಿರಣಿಯ ಮೇಲೆ 2,400 ರೂಪಾಯಿ ತೆರಿಗೆ ಪಾವತಿಯಾಗಿದೆ ಎಂಬುದನ್ನು ಗಿರಣಿ ಕೊಡುವ ಮೊದಲೇ ಸಂಸ್ಥೆಯು ಖಚಿತಪಡಿಸಿಕೊಳ್ಳಬೇಕು. ಬರಹಗಾರರೂ ಆ 24,000 ರೂಪಾಯಿಯನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಆದರೆ ಗಿರಣಿಯನ್ನು ಬಳಸಿ ನೋಡಿ, ಲೇಖನ ಬರೆದು, ಹಿಂದಿರುಗಿಸಿದರೆ ಅದು ಸೌಲಭ್ಯವೆನಿಸುವುದಿಲ್ಲ. ಕೇಂದ್ರ ನೇರ ತೆರಿಗೆ ಮಂಡಳಿಯು 2022ರ 12ನೆಯ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಗಿರಣಿ ಉಳಿಯುವುದೋ ಮರಳುವುದೋ ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಈ ತೊಡಕು ಆರಂಭದಲ್ಲಿಯೇ ಬಗೆಹರಿಯುತ್ತದೆ.

ಹೆಸರಿನಲ್ಲಿದೆ ತೆರಿಗೆಯ ಹೊಣೆ

ಎರಡನೆಯದು ಸರಕು ಮತ್ತು ಸೇವಾ ತೆರಿಗೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಬರಹಗಾರರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಪಡೆಯಬೇಕಾಗಿಲ್ಲ. ಇದನ್ನೇ ನಂಬಿ ಪ್ರಾಯೋಜಕರು ತಮಗೂ ಯಾವ ಹೊಣೆ ಇಲ್ಲವೆಂದು ಭಾವಿಸುವುದುಂಟು. ಇದು ಸರಿಯಲ್ಲ. ಒಬ್ಬ ವ್ಯಕ್ತಿ ಕಂಪನಿಗೆ ಅಥವಾ ಪಾಲುದಾರಿಕೆ ಸಂಸ್ಥೆಗೆ ನೀಡುವ ಪ್ರಾಯೋಜಕತ್ವ ಸೇವೆಗೆ ತೆರಿಗೆಯನ್ನು ಸೇವೆ ಪಡೆದವರೇ ಕಟ್ಟಬೇಕು. ರಿವರ್ಸ್ ಚಾರ್ಜ್ ಎಂದು ಕರೆಯುವ ಈ ಪದ್ಧತಿಯಿಂದ 2025ರ ಜನವರಿ 16ರಂದು ಕಂಪನಿಗಳು ನೀಡುವ ಪ್ರಾಯೋಜಕತ್ವ ಸೇವೆಯನ್ನು ಮಾತ್ರ ಹೊರಗಿಡಲಾಯಿತು. ವ್ಯಕ್ತಿಗಳು ನೀಡುವುದು ಅದರಲ್ಲಿಯೇ ಉಳಿದಿದೆ.

ಮೇಲಿನ ಉದಾಹರಣೆಯಲ್ಲಿ ನಗದಿನ ಮೇಲಷ್ಟೇ ಲೆಕ್ಕ ಹಾಕಿದರೂ ಶೇಕಡಾ 18ರಂತೆ 10,800 ರೂಪಾಯಿ ಆಗುತ್ತದೆ. ವಸ್ತು ರೂಪದ ಪ್ರತಿಫಲವೂ ಸೇವೆಯ ಮೌಲ್ಯಕ್ಕೆ ಸೇರುತ್ತದೆ. ಅಷ್ಟೇ ಅಲ್ಲದೆ, ಸೇವೆಗೆ ಪ್ರತಿಯಾಗಿ ಗಿರಣಿ ಕೊಡುವುದು ಕಾನೂನಿನ ದೃಷ್ಟಿಯಲ್ಲಿ ವಿನಿಮಯ; ಅದರ ಮೇಲೂ ತೆರಿಗೆಯಿದೆ. ಅದೇ ಕೆಲಸ ನಿಜವಾಗಿಯೂ ಜಾಹೀರಾತು ಸೇವೆಯಾಗಿದ್ದರೆ ಹೊಣೆ ಬರಹಗಾರರ ಕಡೆಗೆ ಬರುತ್ತದೆ. ನೋಂದಣಿ ಇಲ್ಲದವರಿಗೆ ತೆರಿಗೆಯ ಪ್ರಶ್ನೆಯೇ ಉದ್ಭವಿಸದು. ಆದುದರಿಂದ ಕೆಲಸದ ಸ್ವರೂಪವನ್ನು ಇದ್ದಂತೆಯೇ ಬರೆದಿಡುವುದು ಅಗತ್ಯ. ಮೂರು ವರ್ಷಗಳ ನಂತರ ನೋಟೀಸು ಬಂದಾಗ ನೆನಪು ಸಾಕ್ಷಿ ಹೇಳುವುದಿಲ್ಲ.

ಜೊತೆಗೂಡಿ ದುಡಿದಾಗ

ಮೂರನೆಯದು ಅತ್ಯಂತ ಸೂಕ್ಷ್ಮವಾದುದು. 8 ಲೇಖನ ಬರೆದವರು ಹೆಚ್ಚು ಪಾಲು ಕೇಳುವುದು ಸಹಜ. ಆದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಬೇರೆಯದನ್ನೇ ಹೇಳಬಹುದು. ಒಂದು ನಿರ್ದಿಷ್ಟ ಕಾರ್ಯಕ್ಕಾಗಿಯೂ ಪಾಲುದಾರಿಕೆ ಏರ್ಪಡಬಹುದೆಂದು ಅದರ 8ನೆಯ ಕಲಂ ಹೇಳುತ್ತದೆ. ಪಾಲುದಾರಿಕೆಯೆಂದು ಪರಿಗಣಿತವಾದರೆ, ವಿರುದ್ಧವಾದ ಕರಾರು ಇಲ್ಲದಿದ್ದಲ್ಲಿ 13ನೆಯ ಕಲಮಿನಂತೆ ಲಾಭ ಸಮಪಾಲು. ಅಂದರೆ ತಲಾ 30,000 ರೂಪಾಯಿ. ದುಡಿಮೆಯ ಅನುಪಾತದಲ್ಲಿ ಹಂಚಿದ್ದರೆ ಅದು 40,000 ಮತ್ತು 20,000 ಆಗುತ್ತಿತ್ತು. ಈ 10,000 ರೂಪಾಯಿಯ ಅಂತರ ಹಲವು ವರ್ಷಗಳ ಗೆಳೆತನವನ್ನು ಮುರಿಯಲು ಸಾಕು.

ಇನ್ನೂ ಗಂಭೀರವಾದುದು 25ನೆಯ ಕಲಂ. ಪಾಲುದಾರಿಕೆಯ ಕೃತ್ಯಗಳಿಗೆ ಪ್ರತಿಯೊಬ್ಬ ಪಾಲುದಾರರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಒಬ್ಬರ ತಪ್ಪಿಗೆ ಮತ್ತೊಬ್ಬರ ಕಿಸೆಗೆ ಕೈ ಹಾಕಬಹುದು. ಪಾಲುದಾರಿಕೆಯ ಉದ್ದೇಶವಿಲ್ಲದಿದ್ದರೆ, ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ತಾವೇ ಪ್ರತ್ಯೇಕ ಬಿಲ್ಲು ನೀಡಿ ಪ್ರತ್ಯೇಕ ಹಣ ಪಡೆಯುತ್ತಾರೆ ಎಂದು ನಮೂದಿಸಿ, ಹಾಗೆಯೇ ನಡೆದುಕೊಳ್ಳುವುದು ಕ್ಷೇಮ.

ಓದುಗನ ಹಕ್ಕು

ಈ ವ್ಯವಹಾರದಲ್ಲಿ ಸಹಿ ಹಾಕದ ಮತ್ತೊಬ್ಬ ಪಕ್ಷಗಾರನಿದ್ದಾನೆ, ಅವನೇ ಓದುಗ. ಬರಹದ ಹಿಂದೆ ಹಣವಿದೆಯೇ ಎಂದು ತಿಳಿಯುವುದು ಅವನ ಹಕ್ಕು. ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯು 2021ರಲ್ಲಿ ಮಾರ್ಗಸೂಚಿ ಹೊರಡಿಸಿತು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯೂ ಬಂದಿತು. ನಗದು ಮಾತ್ರವಲ್ಲ, ಉಚಿತ ಸರಕು, ರಿಯಾಯಿತಿ, ಪ್ರವಾಸ – ಇವೂ ಬಹಿರಂಗಪಡಿಸಬೇಕಾದ ಸಂಬಂಧಗಳೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೆಯ ಕಲಮಿನಡಿ ತಪ್ಪು ದಾರಿಗೆಳೆಯುವ ಜಾಹೀರಾತಿಗೆ ತಯಾರಕರ ಮೇಲೂ, ಅದನ್ನು ಅನುಮೋದಿಸಿದವರ ಮೇಲೂ 10 ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತಕ್ಕ ಪರಿಶೀಲನೆ ನಡೆಸಿದ್ದೇನೆಂದು ತೋರಿಸಬಲ್ಲ ಅನುಮೋದಕರಿಗೆ ರಕ್ಷಣೆಯಿದೆ. ಆ ಪರಿಶೀಲನೆಗೂ ಕಾಗದವೇ ಆಧಾರ.

ಕನ್ನಡ ಲೇಖನದ ತುದಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರದ ಒಂದು ಪದ ಹಾಕಿದರೆ ಕರ್ತವ್ಯ ಮುಗಿಯದು. ‘ಇದು ಪ್ರಾಯೋಜಿತ ಬರಹ’ ಎಂದು ಆರಂಭದಲ್ಲಿಯೇ ಕನ್ನಡದಲ್ಲಿ ಹೇಳುವುದರಿಂದ ಬರಹದ ಬೆಲೆ ಕುಗ್ಗುವುದಿಲ್ಲ. ಮುಚ್ಚಿಟ್ಟದ್ದು ಬಯಲಾದಾಗ ಕುಗ್ಗುತ್ತದೆ. ಆಗ ಪ್ರಾಯೋಜಕರು ಹಣ ಕೊಟ್ಟು ಕೊಂಡ ವಿಶ್ವಾಸವೇ ಉಳಿಯುವುದಿಲ್ಲ.

ಒಂದು ಪುಟ ಸಾಕು

ಸಣ್ಣ ಮೊತ್ತದ ಕೆಲಸಕ್ಕೆ ಇಷ್ಟೆಲ್ಲ ಕಾಗದಪತ್ರ ಹೊರೆಯಲ್ಲವೇ ಎಂಬ ಆಕ್ಷೇಪವಿದೆ. ವಕೀಲರ ಭಾಷೆಯ 20 ಪುಟಗಳ ದಸ್ತಾವೇಜು ಯಾರಿಗೂ ಬೇಕಿಲ್ಲ. ಈ ಕೆಳಗಿನ ಅಂಶಗಳುಳ್ಳ ಒಂದು ಪುಟ ಸಾಕು.

1. ಕೆಲಸದ ಸ್ವರೂಪ, ಲೇಖನಗಳ ಸಂಖ್ಯೆ, ಕೊನೆಯ ದಿನಾಂಕ.
2. ನಗದು ಎಷ್ಟು, ವಸ್ತು ಎಷ್ಟು. ವಸ್ತು ಉಳಿಯುವುದೋ ಮರಳುವುದೋ.
3. ತೆರಿಗೆ ಕಡಿತ ಮತ್ತು ಜಿಎಸ್‌ಟಿಯ ಹೊಣೆ ಯಾರದು.
4. ಬರಹಗಾರರ ನಡುವಿನ ಹಂಚಿಕೆ. ಒಬ್ಬರು ಹಿಂದೆ ಸರಿದರೆ ಏನು.
5. ಪ್ರಾಯೋಜಕತ್ವದ ಘೋಷಣೆ, ಮತ್ತು ಸರಕಿನ ದೋಷವನ್ನೂ ಬರೆಯುವ ಸ್ವಾತಂತ್ರ್ಯ.
6. ಲೇಖನ ಹಾಗೂ ಛಾಯಾಚಿತ್ರಗಳ ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷ ಮಾತ್ರ.
7. ಪಾವತಿಯ ಗಡುವು. ಉದ್ಯಮ್ ನೋಂದಣಿಯುಳ್ಳ ಸೇವಾದಾರರಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಲಿಖಿತ ಕರಾರಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನ.

ಕೊನೆಯ ಅಂಶವನ್ನು ಗಮನಿಸಿದರೆ, ಕಾಗದವಿಲ್ಲದಿರುವುದರಿಂದ ಪ್ರಾಯೋಜಕರಿಗೂ 30 ದಿನಗಳ ನಷ್ಟವೆಂಬುದು ಸ್ಪಷ್ಟ. ಕರಾರು ಇಬ್ಬರನ್ನೂ ಕಾಯುತ್ತದೆ.

ವಾಣಿಜ್ಯ ಸಂಸ್ಥೆಗಳು ಇಲ್ಲಿ ಮುಂದೆ ಬರಬೇಕಾಗಿದೆ. ಸರಳ ಕನ್ನಡದಲ್ಲಿ ಒಂದು ಮಾದರಿ ಕರಾರನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು, ಜಿಲ್ಲಾ ಕೇಂದ್ರಗಳಲ್ಲಿ ಉದ್ಯಮಿಗಳನ್ನೂ ಬರಹಗಾರರನ್ನೂ ಒಂದೆಡೆ ಕೂರಿಸಿ ಅರ್ಧ ದಿನದ ಕಾರ್ಯಾಗಾರ ನಡೆಸುವುದು – ಇವು ಹೆಚ್ಚು ವೆಚ್ಚದ ಕೆಲಸಗಳಲ್ಲ. ಲೆಕ್ಕ ಸರಿಯಿದ್ದಲ್ಲಿ ಮಾತು ಬೆಳೆಯುವುದಿಲ್ಲ. ಒಂದು ಪುಟದ ಕರಾರಿಗೆ ಸಹಿ ಹಾಕಿ ಕೆಲಸ ಮುಗಿಸಿದ ಇಬ್ಬರು ಬರಹಗಾರರು ಮರುವರ್ಷ ಅದೇ ಪ್ರಾಯೋಜಕರ ಬಾಗಿಲಿಗೆ ಒಟ್ಟಾಗಿ ಹೋಗಬಲ್ಲರು. ಉತ್ತಮ ಸಹಭಾಗಿತ್ವಕ್ಕೆ ಇದಕ್ಕಿಂತ ಬೇರೆ ಪ್ರಮಾಣಪತ್ರ ಬೇಕಿಲ್ಲ.