ಸೋತವರಿಗೂ ಸರದಿ

ಇಂಗ್ಲೆಂಡಿನ ಪಬ್ಬುಗಳಲ್ಲಿ ಬೆಳೆದ ಆಟ ಡಾರ್ಟ್ಸ್. ಗೋಡೆಯ ದುಂಡು ಹಲಗೆಗೆ ಪುಟ್ಟ ಬಾಣಗಳನ್ನೆಸೆದು, 501ರಿಂದ ಕಳೆಯುತ್ತ ಸೊನ್ನೆ ಮುಟ್ಟಬೇಕು.

ಅಲ್ಲಿಯ ಸಣ್ಣ ಸಂಘವೊಂದರಲ್ಲಿ 32 ಸದಸ್ಯರಿದ್ದಾರೆನ್ನೋಣ. ಸೋತವನು ಹೊರಗೆ ಎಂಬ ಕಟ್ಟಳೆಯಾದರೆ ಮೊದಲ ಸುತ್ತಿಗೇ 16 ಮಂದಿ ಬರಿಯ ಪ್ರೇಕ್ಷಕರು. ಚಂದಾ ಎಲ್ಲರದು, ಆಟ ಕೆಲವರದು! ಇಂಥ ಸಂಘ ಎಷ್ಟು ಕಾಲ ಬಾಳೀತು?

ನಾಲ್ವರಂತೆ ಎಂಟು ಗುಂಪು ಮಾಡಿದರೆ ಪ್ರತಿಯೊಬ್ಬನಿಗೂ ಮೂರು ಪಂದ್ಯಗಳು ಖಂಡಿತ. ಗುಂಪಿನ ಹಂತಕ್ಕೇ 48 ಪಂದ್ಯಗಳಾಗುವುದು ನಿಜ, ವಾರಕ್ಕಿಷ್ಟೆಂದು ಹಂಚಿಕೊಂಡರಾಯಿತು. ಹೊಸಬರಿಗೆ 401ರಿಂದಲೇ ಆರಂಭಿಸುವ ರಿಯಾಯಿತಿಯಿತ್ತರೆ ಅನುಭವಿಗಳೂ ಎಚ್ಚರಗೊಂಡಾರು.

2025ರಲ್ಲಿ, 17ರ ಹರೆಯದಲ್ಲೇ ವಿಶ್ವಪಟ್ಟವೇರಿದ ಲ್ಯೂಕ್ ಲಿಟ್ಲರ್ ಬಾಲ್ಯದಲ್ಲಿ ಸೇಂಟ್ ಹೆಲೆನ್ಸ್ ಊರಿನ ಡಾರ್ಟ್ಸ್ ಅಕಾಡೆಮಿಯಲ್ಲಿ ಪಳಗಿದವನು. ಎಸೆಯುವ ಸರದಿ ಬಂದರಷ್ಟೆ ಎಳೆಯ ಕೈ ನುರಿಯುವುದು; ಅದನ್ನು ಒದಗಿಸುವುದೇ ಸಂಘದ ಕರ್ತವ್ಯವಲ್ಲವೆ?