ಹಕ್ಕಿಯ ಪಕ್ಕದ ಪದ್ಯ

ಜಪಾನಿನ ಮರದಚ್ಚಿನ ಚಿತ್ರಗಳು ಇಂದು ಲೋಕಕ್ಕೆಲ್ಲ ಪರಿಚಿತವಾಗಿವೆ. ಹೋಕುಸಾಯಿಯ ಹೆದ್ದೆರೆಯನ್ನೂ ಹಿರೋಷಿಗೆಯ ಮಳೆ ಹೊಯ್ಯುವ ಸೇತುವೆಯನ್ನೂ ಕ್ಯಾಲೆಂಡರಿನ ಹಾಳೆಗಳಲ್ಲಿಯಾದರೂ ಕಾಣದವರು ವಿರಳ. ಆದರೆ ಆ ಕಲೆಯದೇ ಒಂದು ಕವಲು, ‘ಕಾಚೋ-ಗ’ ಎಂದರೆ ಹೂ-ಹಕ್ಕಿಗಳ ಚಿತ್ರ, ನಮ್ಮ ಕೈಸೇರುವಾಗ ಹಲವೊಮ್ಮೆ ಅರ್ಧವನ್ನು ಕಳೆದುಕೊಂಡೇ ಬರುತ್ತದೆ. ಹಾಗೆ ಕಳೆದುಹೋಗುವ ಅರ್ಧ ಕವಿತೆಯದು.

ಎಡೋ ನಗರದ ಅಗ್ನಿಶಾಮಕ ಕಾವಲುಗಾರರ ಮನೆತನದಲ್ಲಿ ಹುಟ್ಟಿದ ಹಿರೋಷಿಗೆ (1797–1858) 1830ರ ದಶಕದಲ್ಲಿ ಇಂಥ ಚಿತ್ರಗಳನ್ನು ಹೇರಳವಾಗಿ ರಚಿಸಿದನು. ಅವುಗಳಲ್ಲಿ ಅನೇಕವು ಕಿರಿದಗಲದ, ನೀಳವಾದ ಹಾಳೆಗಳು. ಈ ಅಳತೆಗೆ ‘ತಾನ್‌ಜಾಕು’ ಎಂದು ಹೆಸರು. ಕವಿತೆ ಬರೆಯುವುದಕ್ಕೆಂದೇ ಜಪಾನೀಯರು ಬಳಸುತ್ತಿದ್ದ ಕಾಗದದ ಪಟ್ಟಿಯ ಹೆಸರೂ ಅದೇ. ಎಂದಮೇಲೆ, ಇಲ್ಲಿ ಕವಿತೆಯು ಚಿತ್ರದ ಮನೆಗೆ ಬಂದ ಅತಿಥಿಯಲ್ಲ. ಚಿತ್ರವೇ ಕವಿತೆಯ ಮನೆಯಲ್ಲಿ ನೆಲಸಿದೆ ಎನ್ನಬೇಕು. ಹದಿನೇಳು ಮಾತ್ರೆಯ ಹೈಕು, ಮೂವತ್ತೊಂದು ಮಾತ್ರೆಯ ವಿನೋದಪದ್ಯ, ಕೆಲವೊಮ್ಮೆ ಚೀನೀ ಪಂಕ್ತಿಗಳು ಹೀಗೆ ಹಾಳೆಯ ಮೇಲೆ ಇಳಿದುಬರುತ್ತವೆ.

ಅವನ ಗೂಬೆಯ ಚಿತ್ರವನ್ನು ನೋಡಿರಿ. ಪೈನ್ ಮರದ ಕೊಂಬೆಯ ಮೇಲೆ ಗೂಬೆ ಕುಳಿತಿದೆ, ಹಿಂದೆ ಬಿದಿಗೆಯ ಚಂದ್ರ. ಬರಿಯ ಕಣ್ಣಿಗೆ ಇದೊಂದು ನಿಶ್ಶಬ್ದ ರಾತ್ರಿ. ಆದರೆ ಜೊತೆಯ ಪದ್ಯವು ಚಂದ್ರನನ್ನು ದೋಣಿಯಾಗಿಸಿ, ಪೈನಿನ ಗಾಳಿಯನ್ನು ‘ಕೋತೋ’ ಎಂಬ ತಂತಿವಾದ್ಯವಾಗಿಸಿ, ಗೂಬೆಯ ಕಿವಿಯತ್ತ ನಮ್ಮನ್ನು ಕರೆಯುತ್ತದೆ. ಜಪಾನೀ ಭಾಷೆಯಲ್ಲಿ ಈ ಗೂಬೆಯ ಹೆಸರಿನೊಳಗೇ ‘ಕಿವಿ’ ಎಂಬ ಶಬ್ದ ಅಡಗಿದೆ. ಕವಿಯ ಚಮತ್ಕಾರ ನಿಂತಿರುವುದು ಅದರ ಮೇಲೆ. ಪದ್ಯವನ್ನು ಅರಿತೊಡನೆ ಆ ಚಿತ್ರ ಕೇಳಿಸತೊಡಗುತ್ತದೆ! ನಮ್ಮ ಆಲಂಕಾರಿಕರು ಧ್ವನಿ ಎಂದು ಕರೆದುದನ್ನು ಇಲ್ಲಿ ರೇಖೆಯೂ ಅಕ್ಷರವೂ ಕೂಡಿ ಸಾಧಿಸಿವೆ.

ಹುಣ್ಣಿಮೆಯ ಚಂದ್ರಬಿಂಬದ ಮುಂದೆ ಮೂರು ಕಾಡುಬಾತುಗಳು ಇಳಿದುಬರುವ ಚಿತ್ರ ಇನ್ನೂ ಪ್ರಸಿದ್ಧ. 1949ರಲ್ಲಿ ಜಪಾನಿನ ಅಂಚೆಚೀಟಿಯಾಗಿಯೂ ಅದು ಮೆರೆಯಿತು. ಅದರ ಹೈಕು ಹಕ್ಕಿಗಳನ್ನು ವರ್ಣಿಸುವ ಗೋಜಿಗೇ ಹೋಗುವುದಿಲ್ಲ. ಆ ಇರುಳಿನ ಅಪೂರ್ವತೆಯನ್ನು ಕುರಿತು ಪ್ರಶ್ನೆಯೊಂದನ್ನು ಎತ್ತಿ ಸುಮ್ಮನಾಗುತ್ತದೆ. ಚಿತ್ರ ಕ್ಷಣವನ್ನು ಹಿಡಿದು ನಿಲ್ಲಿಸಿದರೆ, ಪದ್ಯ ಅದು ಜಾರಿಹೋಗುವುದನ್ನು ನೆನಪಿಸುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಬರವಣಿಗೆಯ ಬೆಡಗೇ ಸಾಕು, ಅರ್ಥವೇಕೆ ಎನ್ನುವವರುಂಟು. ಲಿಪಿಯ ಸೊಬಗನ್ನು ನಾನು ಅಲ್ಲಗಳೆಯುವುದಿಲ್ಲ. ಇಂಥ ಪದ್ಯಗಳೆಲ್ಲವೂ ಮಹಾಕವಿತೆಗಳೆಂಬ ಭ್ರಮೆಯೂ ನನಗಿಲ್ಲ. ಬಿದಿರಿಗೆ ಗುಬ್ಬಚ್ಚಿ, ಜೊಂಡಿಗೆ ಬಾತು ಎಂಬ ಜೋಡಿಗಳು ಕವಿಸಮಯಗಳಾಗಿ ಸವೆದುಹೋದವೇ. ಆದರೂ ಓದಲೆಂದು ಬರೆದುದನ್ನು ಬಳ್ಳಿಯ ಚಿತ್ತಾರದಂತೆ ನೋಡಿ ಮುಗಿಸುವುದು ರಸಿಕತೆಯಲ್ಲ, ಸೋಮಾರಿತನ.

ಮೇಲಾಗಿ, ಈ ಚಿತ್ರಗಳು ಹುಟ್ಟಿದ ಬಗೆಯೂ ಇದಕ್ಕೆ ಸಾಕ್ಷಿ. ಚಿತ್ರಕಾರ ತೆಳುಕಾಗದದ ಮೇಲೆ ರೇಖೆಗಳನ್ನು ಬರೆದುಕೊಟ್ಟರೆ, ಅದನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ ಕೆತ್ತುವವನು ಬೇರೆ, ಬಣ್ಣಕ್ಕೊಂದು ಹಲಗೆಯಂತೆ ಬಣ್ಣ ಸವರಿ ಕೈಯಿಂದ ಉಜ್ಜಿ ಅಚ್ಚೊತ್ತುವವನು ಬೇರೆ. ಇವರೆಲ್ಲರನ್ನೂ ಕೂಡಿಸಿ ಬಂಡವಾಳ ಹಾಕುವವನು ಪ್ರಕಾಶಕ. ಗರಿಯ ಎಳೆಯನ್ನು ಬಿಡಿಸಿದಂತೆಯೇ ಅಕ್ಷರದ ಬಾಗನ್ನೂ ಕೆತ್ತನೆಗಾರರು ಉಳಿಯಿಂದಲೇ ಬಿಡಿಸಿದರು. ಆ ಅಕ್ಷರಗಳನ್ನು ಎಡಬಲ ತಿರುಗಿದ ಕನ್ನಡಿಬಿಂಬದಲ್ಲಿ, ಒಂದು ಕೂದಲೆಳೆಯೂ ತಪ್ಪದಂತೆ ಕೆತ್ತಿದವರ ಶ್ರಮಕ್ಕೆ, ಅವನ್ನು ಓದದೆ ಬಿಡುವುದಕ್ಕಿಂತ ಹೆಚ್ಚಿನ ಅವಮಾನ ಯಾವುದು?

ಆದುದರಿಂದ ಇಂಥ ಚಿತ್ರಗಳನ್ನು ಪ್ರಕಟಿಸುವವರಲ್ಲಿಯೂ ಪಾಠದಲ್ಲಿ ತೋರಿಸುವವರಲ್ಲಿಯೂ ಒಂದು ಬಿನ್ನಹ. ‘ಗೂಬೆ, ಪೈನ್, ಚಂದ್ರ’ ಎಂದು ಕೆಳಗೆ ಹೆಸರು ಬರೆದು ಕೈತೊಳೆದುಕೊಳ್ಳಬೇಡಿರಿ. ಹಾಳೆಯ ಅಂಚನ್ನು ಕತ್ತರಿಸದೆ, ಪದ್ಯದ ತಾತ್ಪರ್ಯವನ್ನು ಎರಡು ಸಾಲಿನಲ್ಲಾದರೂ ಕೊಡಿರಿ. ವಿದ್ಯಾರ್ಥಿಯು ಚಿತ್ರವನ್ನು ನೋಡಿ, ಪದ್ಯವನ್ನು ಅರಿತು, ಮತ್ತೊಮ್ಮೆ ಚಿತ್ರಕ್ಕೆ ಮರಳಲಿ. ಆ ಎರಡನೆಯ ನೋಟದಲ್ಲಿಯೇ ಈ ಕಲೆಯ ಸಾರ್ಥಕ್ಯವಿದೆ.